ಬಂಡಿ ಹೊಡೆದವರು ಯಾರು

ನಮ್ಮ ಮನೆಯವರ ಊರಿನಲ್ಲಿ ಹೆಣ್ಣುಮಗುವಿಗೆ ಕಿವಿ ಚುಚ್ಚುವ ದಿನ ಅದರ ತಾಯಿ ಬೆರಳು ಕೊಡಬೇಕು ಎಂದು ನನಗೆ ಮೊದಲು ಹೇಳಿದ್ದು ನನ್ನ ಓರಗಿತ್ತಿ. ಆಗ ನನಗೆ ಮದುವೆಯಾದ ಹೊಸತು. ಹಿತ್ತಿಲ ಜಗುಲಿಯಲ್ಲಿ ಕೂತು ಇಬ್ಬರೂ ಹುಣಿಸೆಹಣ್ಣು ಬಡಿದು ಬೀಜ ತೆಗೆಯುತ್ತಿದ್ದೆವು.

"ಕೊಡೋದು ಅಂದ್ರೆ?" ಎಂದೆ.

"ಕೊಡೋದು ಅಂದ್ರೆ ಕೊಡೋದು ಕಣಮ್ಮ. ಹಿಂದೆ ನೊಗದ ಮೇಲೆ ಕೈ ಇಡಿಸಿ, ಎರಡು ಬೆರಳಿನ ತುದಿಗೆ ಉಳಿ ಇಟ್ಟು ಹೊಡೀತಿದ್ರಂತೆ. ಈಗ ಬೆರಳಿಗೆ ಹೂವು ಸುತ್ತಿ ಹೂವು ಕತ್ತರಿಸ್ತಾರೆ. ನೋಡು, ನನಗೆ ಹತ್ತೂ ಅವೆ." ಹುಣಿಸೆ ಮೆತ್ತಿದ ಕೈಗಳನ್ನು ನನ್ನ ಮುಖದ ಮುಂದೆ ಅಗಲಿಸಿ ತೋರಿಸಿದರು. ಆಮೇಲೆ ನನ್ನ ಮುಖ ನೋಡಿ ಅವರಿಗೆ ತಡೆಯಲಾಗಲಿಲ್ಲ. "ಆದ್ರೆ ಆಚಾರಿಗೆ ವಯಸ್ಸಾಗೈತೆ. ಈಚೆಗೆ ಕಣ್ಣು ಸ್ವಲ್ಪ ಮಂಜು" ಎಂದು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು.

ನಾನು ಕೋಲಾರದ ಕಾನ್ವೆಂಟಿನಲ್ಲಿ ಓದಿದವಳು. ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ಸಿಸ್ಟರ್ ಸಾಲಿನ ಮುಂದೆ ನಿಧಾನವಾಗಿ ನಡೆದು ಬರುತ್ತಿದ್ದರು. ನಾವು ಕೈ ಚಾಚಿ ಉಗುರು ತೋರಿಸಬೇಕಿತ್ತು. ಬೆರಳು ಎಂದರೆ ನನಗೆ ಚೊಕ್ಕವಾಗಿರಬೇಕಾದ್ದು, ಸೂಜಿ ಹಿಡಿಯಬೇಕಾದ್ದು, ಹೆಚ್ಚೆಂದರೆ ಹಾರ್ಮೋನಿಯಂ ಮೇಲೆ ಓಡಬೇಕಾದ್ದು. ತರಕಾರಿ ಹೆಚ್ಚುವಾಗ ಚೂರು ಕೊಯ್ದುಕೊಂಡರೂ ಕಣ್ಣು ಕತ್ತಲೆ ಬಂದು ಕೂತುಬಿಡುತ್ತಿದ್ದೆ. ಅಂಥವಳು ಆ ಮಾತನ್ನು ಮರೆಯಲೇ ಇಲ್ಲ. ನನಗೆ ಗಂಡುಮಗುವೇ ಆಗಲಿ ಎಂದು ಬೇಡಿಕೊಂಡದ್ದು ಅದೊಂದೇ ಕಾರಣಕ್ಕೆ. ಹುಟ್ಟಿದ್ದು ಹೆಣ್ಣು. ದಾದಿ ಮಗುವನ್ನು ನನ್ನ ಪಕ್ಕ ಮಲಗಿಸಿದಾಗ ನಾನು ಮೊದಲು ನೋಡಿದ್ದು ಅದರ ಕಿವಿ.

ಇವರು, ಎಂದರೆ ನಮ್ಮ ಮನೆಯವರು, ಕೋಲಾರದ ಕಾಲೇಜೊಂದರಲ್ಲಿ ಸಮಾಜಶಾಸ್ತ್ರದ ಮೇಷ್ಟ್ರು. ಹುಟ್ಟಿದ್ದು ಮುಳಬಾಗಿಲು ತಾಲ್ಲೂಕಿನಲ್ಲಿ, ತಾಯಲೂರಿನ ಆಚೆಗಿನ ಒಂದು ಹಳ್ಳಿಯಲ್ಲಿ. ಮನೆಯೊಳಗೆ ತೆಲುಗು, ಹೊಲದಲ್ಲಿ ಎರಡೂ, ಕೋರ್ಟು ಕಚೇರಿಗೆ ಕನ್ನಡ. ಇವರ ಸಂಶೋಧನೆಯ ವಿಷಯ ವಲಸೆ. ಯಾವ ಜನ ಎಲ್ಲಿಂದ ಬಂದರು, ಬಂದಮೇಲೆ ತಾವು ಯಾರೆಂದು ಹೇಳಿಕೊಂಡರು, ಆ ಹೇಳಿಕೆ ತಲೆಮಾರಿಂದ ತಲೆಮಾರಿಗೆ ಹೇಗೆ ಬಣ್ಣ ಬದಲಿಸಿತು, ಅದನ್ನು ಹುಡುಕುವುದು. ಬೇರೆಯವರ ಊರಿಗೆ ಹೋಗಿ ಕೇಳಿದ್ದರೆ ನಮಗೆ ಏನೂ ತೊಂದರೆ ಇರುತ್ತಿರಲಿಲ್ಲ. ಇವರು ಆರಿಸಿಕೊಂಡದ್ದು ತಮ್ಮ ಜನರನ್ನೇ.

ಆ ಜನರ ಕಥೆ ಇಷ್ಟು. ಬಹಳ ಹಿಂದೆ ಅವರು ಪೂರ್ವದ ಕಡೆ, ಹೊಳೆಯ ಆಚೆ ಇದ್ದರು. ಅಲ್ಲಿನ ದೊರೆಯೊಬ್ಬ ಅವರ ಮನೆಯ ಹುಡುಗಿಯನ್ನು ಕೇಳಿದ. ಕೊಡುವುದಿಲ್ಲ ಅಂದರೆ ಉಳಿಯುವಂತಿಲ್ಲ, ಕೊಡಲು ಮನಸ್ಸಿಲ್ಲ. ಆಗಲಿ ಎಂದು ಒಪ್ಪಿ, ಮದುವೆಯ ಚಪ್ಪರ ಹಾಕಿ, ಹುಡುಗಿಯ ಬದಲು ಚಪ್ಪರದ ಕಂಬಕ್ಕೆ ಒಂದು ನಾಯಿಯನ್ನು ಕಟ್ಟಿ, ಬಂಡಿಯಲ್ಲಿ ಹೆಂಗಸರು ಮಕ್ಕಳನ್ನು ಕೂರಿಸಿಕೊಂಡು ಓಡಿಬಂದರು. ಹಿಂದೆ ದೊರೆಯ ಕುದುರೆಗಳು. ಮುಂದೆ ತುಂಬಿದ ಹೊಳೆ. ಹುಡುಗಿಯ ತಾಯಿ ಬೆರಳು ಕೊಡುತ್ತೇನೆಂದು ಹರಕೆ ಹೊತ್ತಳು. ಹೊಳೆ ದಾರಿ ಬಿಟ್ಟಿತು. ಅಂದಿನಿಂದ ಬಂಡಿಯೇ ಅವರಿಗೆ ದೇವರು. ಕೆಲವು ವರ್ಷಗಳಿಗೊಮ್ಮೆ ಬಂಡಿ ಪೂಜೆ ಮಾಡಿ, ಅಷ್ಟರಲ್ಲಿ ಹುಟ್ಟಿದ ಹೆಣ್ಣುಮಕ್ಕಳಿಗೆಲ್ಲ ಅಂದೇ ಕಿವಿ ಚುಚ್ಚುತ್ತಾರೆ.

ಇವರೊಂದು ಕ್ಯಾಸೆಟ್ ರೆಕಾರ್ಡರ್ ಇಟ್ಟುಕೊಂಡು ಭಾನುವಾರ ಭಾನುವಾರ ಆ ಕಥೆಯ ಹಿಂದೆ ಬಿದ್ದರು. ಹೆಂಗಸರು ಗಂಡಸಿನ ಎದುರು ಬಾಯಿ ಬಿಡುವುದಿಲ್ಲ ಎಂದು ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದರು. ಮಾಲೂರಿನ ಹೆಂಚಿನ ಕಾರ್ಖಾನೆಗಳ ಹಿಂದಿನ ಓಣಿಗಳು, ಶ್ರೀನಿವಾಸಪುರದ ಮಾವಿನ ತೋಪಿನ ಮನೆಗಳು, ಎಲ್ಲ ಕಡೆ ನಾನು ಅಡುಗೆಮನೆಯ ಹೊಸ್ತಿಲ ಬಳಿ ಕೂತು ಕೇಳಿದ್ದೇನೆ. ಕಥೆ ಒಂದೇ, ಆದರೆ ಊರಿಗೊಂದು ತಿರುವು. ಕೋಲಾರದ ಸುತ್ತ ಹೇಳುವಾಗ ಹುಡುಗಿಗೆ ಏಳು ಜನ ಅಣ್ಣಂದಿರು. ಮಾಲೂರಿನ ಕಡೆ ಹುಡುಗಿ ಹೊಳೆಯಲ್ಲೇ ಉಳಿದು ದೇವತೆಯಾಗುತ್ತಾಳೆ. ನಮ್ಮ ಮನೆಯಲ್ಲಿ, ಮುಳಬಾಗಿಲಿನ ಕಡೆ, ಬಂಡಿಯನ್ನು ಹೊಡೆದವನು ವಂಶದ ಹಿರಿಯ, ಹುಡುಗಿಯ ತಂದೆ.

ಶ್ರೀನಿವಾಸಪುರದ ಹತ್ತಿರ ಒಬ್ಬ ಅಜ್ಜಿ ಬೇರೆ ಹೇಳಿದಳು. ಮಾವಿನಕಾಯಿ ಒರೆಸುತ್ತಾ, ನಮ್ಮ ಕಡೆ ನೋಡದೆಯೇ ಹೇಳಿದಳು. ಗಂಡಸರೆಲ್ಲ ಕುದುರೆ ಹತ್ತಿ ಮೊದಲೇ ಹೋಗಿಬಿಟ್ಟಿದ್ದರಂತೆ. ಹೆಂಗಸರ ಬಂಡಿ ಹೊಡೆದವನು ಮನೆಯ ಆಳು. ಹೊಳೆ ದಾಟಿದ ಮೇಲೆ ಹುಡುಗಿಯನ್ನು ಅವನಿಗೇ ಕೊಟ್ಟು ಮದುವೆ ಮಾಡಿದರು. "ನಾವೆಲ್ಲ ಅವನ ಮಕ್ಕಳೇ ಕಣಮ್ಮ" ಎಂದು ಒಂದು ಕಾಯಿಯನ್ನು ಬುಟ್ಟಿಗೆ ಹಾಕಿದಳು.

ಬಸ್ಸಿನಲ್ಲಿ ವಾಪಸು ಬರುವಾಗ ಇವರ ಮುಖ ಹಬ್ಬದ ದಿನದ ಹುಡುಗನ ಮುಖದಂತಿತ್ತು. ನನಗೆ ಮಾತ್ರ ಅಂದೇ ಏನೋ ದಿಗಿಲು. "ಇದನ್ನ ಊರಲ್ಲಿ ಹೇಳ್ಬೇಡ್ರೀ" ಎಂದೆ.

"ಊರಲ್ಲಿ ಯಾಕೆ ಹೇಳ್ತೀನಿ?" ಎಂದರು.

ಊರಲ್ಲಿ ಹೇಳಲಿಲ್ಲ. ಕ್ಲಾಸಿನಲ್ಲಿ ಹೇಳಿದರು.

ಆಗ ಎಂಬತ್ತರ ದಶಕದ ಮೊದಲ ವರ್ಷಗಳು. ಭಾಷೆಯ ಮಾತು ಬಂದರೆ ಬೀದಿಯಲ್ಲಿ ದನಿ ಏರುತ್ತಿತ್ತು. ಮೆರವಣಿಗೆ ಹೋದ ಮಾರನೆಯ ದಿನ ಅಂಗಡಿಗಳ ಬೋರ್ಡಿನ ಮೇಲೆ ಡಾಂಬರು ಕಾಣುತ್ತಿತ್ತು. ನೀವು ಎಲ್ಲಿಂದ ಬಂದವರು ಎಂಬ ಪ್ರಶ್ನೆಯನ್ನು ಯಾರೂ ಯಾರಿಗೂ ಸುಮ್ಮನೆ ಕೇಳುವ ಹಾಗಿರಲಿಲ್ಲ. ಅಂಥ ದಿನಗಳಲ್ಲಿ ಇವರು ಬೋರ್ಡಿನ ಮೇಲೆ ನಾಲ್ಕು ತಾಲ್ಲೂಕಿನ ನಾಲ್ಕು ಕಥೆ ಬರೆದು, ಈ ಜಿಲ್ಲೆಯಲ್ಲಿ ಯಾರ ಮನೆಯ ಕಥೆ ಕೆದಕಿದರೂ ಒಂದು ಹೊಳೆ, ಒಂದು ಬಂಡಿ ಸಿಕ್ಕೇ ಸಿಗುತ್ತದೆ ಎಂದು ಪಾಠ ಮಾಡಿದರು. ಒಬ್ಬ ಹುಡುಗ ಎದ್ದು ನಿಂತು, "ಹಂಗಾದ್ರೆ ನಾವು ಈ ನೆಲದೋರೇ ಅಲ್ವಾ ಸಾರ್?" ಎಂದನಂತೆ. "ಬಂದು ಇಲ್ಲಿ ಬೆವರು ಸುರಿಸಿದ ಮೇಲೆ ಇಲ್ಲಿಯೋರೇ ಕಣಯ್ಯಾ" ಎಂದು ಇವರು ಅಂದರಂತೆ. ಇದನ್ನೆಲ್ಲ ಮನೆಗೆ ಬಂದು ಖುಷಿಯಾಗಿಯೇ ಹೇಳಿದರು. ಊಟ ಬಡಿಸುತ್ತಿದ್ದ ನನ್ನ ಕೈಯಲ್ಲಿ ಸೌಟು ಹಾಗೇ ನಿಂತಿತು. ಆ ಕ್ಲಾಸಿನಲ್ಲಿ ಇವರ ಪಕ್ಕದ ಊರಿನ ಹುಡುಗರೂ ಇದ್ದರು.

ಸ್ವಲ್ಪ ದಿನದಲ್ಲೇ ಭಾವನವರು ಬಂದರು. ಇವರ ಅಣ್ಣ. ಎತ್ತರದ ಆಳು, ಬಾಗಿಲಲ್ಲಿ ತಲೆ ಬಗ್ಗಿಸಿ ಬರಬೇಕಿತ್ತು. ಬೇರೆ ದಿನ ಬಂದರೆ ಟವೆಲಿನಲ್ಲಿ ಏನಾದರೂ ಕಟ್ಟಿಕೊಂಡು ಬರುತ್ತಿದ್ದರು, ಬೀನ್ಸೋ, ಹಸಿ ಕಡಲೆಕಾಯೋ. ಅಂದು ಟವೆಲು ಹೆಗಲ ಮೇಲೆ ಬರಿದಾಗಿತ್ತು. ನಾನು ಇಟ್ಟ ಕಾಫಿಯ ಲೋಟವನ್ನು ಬೆರಳಿನಿಂದ ಮೆಲ್ಲಗೆ ದೂರ ತಳ್ಳಿದರು. ಕಾಫಿಯ ಮೇಲೆ ಕೆನೆ ಕಟ್ಟುವುದನ್ನೇ ನೋಡುತ್ತಾ ನಾನು ಅಡುಗೆಮನೆಯ ಬಾಗಿಲ ಹಿಂದೆ ನಿಂತೆ.

"ಏನ್ಲಾ, ನಮ್ಮಪ್ಪನ್ನ ಗಾಡಿ ಹೊಡೆಯೋ ಆಳಿನ ಮಗ ಅಂದೆಯಂತೆ?"

"ಅಣ್ಣಯ್ಯ, ನಾನು ಅಪ್ಪನ ವಿಷಯ ಹೇಳ್ಲಿಲ್ಲ. ಶ್ರೀನಿವಾಸಪುರದ ಕಡೆ ಹಿಂಗೊಂದು ಕಥೆ ಹೇಳ್ತಾರೆ ಅಂದೆ."

"ಶ್ರೀನಿವಾಸಪುರದೋರಿಗೂ ನಮಗೂ ಏನು? ಅವರು ಆಳಿನ ಮಕ್ಕಳಾದ್ರೆ ಆಗ್ಲಿ. ಸಂತೆಯಲ್ಲಿ ನನ್ನ ನೋಡಿ ಹಾಯ್ ಹಾಯ್ ಅಂತ ಎತ್ತು ಹೊಡೆಯೋ ಸದ್ದು ಮಾಡ್ತಾರೆ ಕಣೋ. ನಾನು ಮುಖ ಎಲ್ಲಿಡ್ಲಿ?"

ಇವರು ಅಲ್ಲಿ ಸುಮ್ಮನಿರಬಹುದಿತ್ತು. "ಎತ್ತು ಹೊಡೆಯೋದು ನಾಚಿಕೆ ಪಡೋ ಕೆಲಸ ಏನಲ್ಲವಲ್ಲ, ಅಣ್ಣಯ್ಯ. ನೀನೂ ಹೊಡೀತೀಯ" ಎಂದರು.

ಭಾವನವರು ಎದ್ದು ನಿಂತರು. ಹೊಡೆದೇಬಿಟ್ಟರು ಎಂದುಕೊಂಡೆ. ಆದರೆ ಅವರು ಮಾತಾಡಿದ್ದು ತಗ್ಗಿದ ದನಿಯಲ್ಲಿ. ಅದು ನನಗೆ ಇನ್ನೂ ಹೆಚ್ಚು ಭಯ ತಂದಿತು.

"ಈ ಸಲ ಬಂಡಿ ಪೂಜೆ ಐತೆ. ಮಕ್ಕಳನ್ನ ಬಂಡಿ ಹತ್ತಿಸೋದು ನಾನು. ಪದ್ಧತಿ ನಿನಗೆ ಗೊತ್ತೇ ಐತೆ, ಕಥೆ ಹೇಳೋದು ತಾಯಿ. ಬಂಡಿ ಹೊಡೆದೋರು ಯಾರು ಅಂತ ಎಲ್ಲರ ಮುಂದೆ ನಿನ್ನ ಹೆಂಡ್ತೀನ ಕೇಳ್ತೀನಿ. ನಮ್ಮ ಹಿರಿಯ ಅಂತ ಬಾಯಿ ತುಂಬಾ ಹೇಳಿದ್ರೆ ಮಗೂನ ಎತ್ತುತೀನಿ. ಇಲ್ಲಾಂದ್ರೆ ಅದು ನೆಲದ ಮೇಲೇ ನಿಂತಿರ್ಲಿ." ನಂತರ ಬಾಗಿಲ ಕಡೆ ತಿರುಗಿ, "ಕೇಳಿಸ್ತಾ, ಅಮ್ಮಾ?" ಎಂದರು.

ಅದುವರೆಗೆ ನಾನು ಬೆರಳಿಗೆ ಹೆದರಿದ್ದೆ. ಆ ಹೊತ್ತಿನಿಂದ ಭಯ ತಿರುಗಿ ನಿಂತಿತು. ಉಳಿ ನನ್ನ ಬೆರಳ ಮೇಲೆ ಬರದೇ ಹೋದರೆ ಏನು ಗತಿ?

ಬಂಡಿ ಹತ್ತದ ಹುಡುಗಿ ಏನಾಗುತ್ತಾಳೆಂದು ನನಗೆ ಗೊತ್ತಿತ್ತು. ಆ ಊರಿನಲ್ಲಿ ಅಂಥವರೊಬ್ಬರಿದ್ದರು, ಆಗಲೇ ಅರ್ಧ ತಲೆ ನರೆತಿದ್ದ ಹೆಂಗಸು. ಅವರ ಚಿಕ್ಕಂದಿನಲ್ಲಿ ಅಪ್ಪನಿಗೂ ದಾಯಾದಿಗಳಿಗೂ ಜಗಳವಾಗಿ, ಬಂಡಿ ಹತ್ತಿಸಲಿಲ್ಲವಂತೆ. ನೆಂಟರೊಳಗೆ ಯಾರೂ ಮದುವೆಗೆ ಕೇಳಲಿಲ್ಲ. ಯಾರೂ ಅವರನ್ನು ಬೈಯುತ್ತಿರಲಿಲ್ಲ, ಅದೇ ನನಗೆ ಆಶ್ಚರ್ಯ. ನಾಮಕರಣಕ್ಕೆ, ಗೃಹಪ್ರವೇಶಕ್ಕೆ ಕರೆಯುತ್ತಿದ್ದರು. ಬರುತ್ತಿದ್ದರು, ಹೂವು ಕಟ್ಟಿಕೊಡುತ್ತಿದ್ದರು. ಅರಿಶಿನ ಕುಂಕುಮದ ತಟ್ಟೆ ಹಿಡಿದವರು ಮಾತ್ರ ಅವರ ಮುಂದೆ ಬಂದಾಗ ಪಕ್ಕದವರ ಕಡೆ ತಿರುಗಿ ಏನೋ ಮಾತು ತೆಗೆಯುತ್ತಿದ್ದರು. ಒಮ್ಮೆ ಅವರು ಕಟ್ಟಿದ ಮಾಲೆಯಲ್ಲಿ ಒಂದು ಮೊಗ್ಗೂ ಒಂದರ ಮೇಲೊಂದು ಬಿದ್ದಿರಲಿಲ್ಲ, ಅಷ್ಟು ಒತ್ತಾಗಿ, ನೇರವಾಗಿ ಕಟ್ಟಿದ್ದರು. ಆ ಮಾಲೆಯನ್ನು ಮುಡಿದವರೆಲ್ಲ ಪಂಕ್ತಿಯಲ್ಲಿ ಕೂತರು. ಅವರು ಹಿತ್ತಿಲಲ್ಲಿ ಊಟ ಮಾಡಿದರು.

"ನಮ್ಮ ಮಗಳು ಓದ್ತಾಳೆ, ಕೆಲಸಕ್ಕೆ ಹೋಗ್ತಾಳೆ. ಬಂಡಿ ಯಾಕೆ ಬೇಕು?" ಎಂದರು ಇವರು.

"ನಿಮಗೆ ಬಂಡಿ ಐತಲ್ಲ, ಅದಕ್ಕೆ ಹಂಗಂತೀರಿ" ಎಂದೆ. ಭಯವಾದಾಗ ನನ್ನ ಬಾಯಿಗೂ ಅವರ ಊರಿನ ಮಾತೇ ಬರುತ್ತಿತ್ತು.

ನನ್ನ ಕಡೆಯವರು ಯಾರೂ ನಮ್ಮ ಮದುವೆಯನ್ನು ಮನಸಾರೆ ಒಪ್ಪಿರಲಿಲ್ಲ; ಅವರ ಕಡೆಯವರಿಗೂ ನಾನು ಹೊರಗಿನವಳು. ನಡುವೆ ಹುಟ್ಟಿದ ಮಗುವಿಗೆ ನಿಲ್ಲಲು ಒಂದು ಕಡೆಯಾದರೂ ನೆಲ ಬೇಡವೇ? ವಲಸೆ, ಗುರುತು ಎಂದು ದಿನವೂ ಪಾಠ ಮಾಡುವವರಿಗೆ ಇದು ಕಾಣುತ್ತಿರಲಿಲ್ಲವೋ, ಕಂಡೇ ಹಟ ಹಿಡಿದಿದ್ದರೋ, ನನಗೆ ತಿಳಿಯಲಿಲ್ಲ.

"ನಾನು ಏನು ಹೇಳ್ಲಿ ಅಲ್ಲಿ? ಅದನ್ನಾದ್ರೂ ಹೇಳಿ."

ಇವರು ಬಹಳ ಹೊತ್ತು ಕನ್ನಡಕ ಒರೆಸಿದರು. "ಹಿರಿಯ ಹೊಡೆದ ಅಂತ ನೀನು ಹೇಳಿದ್ರೆ, ಮೇಷ್ಟ್ರ ಹೆಂಡ್ತಿಯೇ ಗಂಡನ್ನ ಸುಳ್ಳುಗಾರ ಅಂದ್ಲು ಅಂತ ಊರಿಡೀ ಆಗುತ್ತೆ. ಆ ಅಜ್ಜಿ ನನ್ನ ನಂಬಿ ಹೇಳಿದ್ಲು. ಅವಳು ಹೇಳಿದ್ದು ಸುಳ್ಳು ಅಂತ ನಾನಂತೂ ಹೇಳಲ್ಲ." ಕನ್ನಡಕ ಹಾಕಿಕೊಂಡು ನನ್ನನ್ನು ನೋಡಿದರು. "ನಿನಗೆ ತೋಚಿದ್ದು ಹೇಳು. ನಾನು ಬೇಜಾರು ಮಾಡ್ಕೊಳ್ಳಲ್ಲ."

ಬೈದಿದ್ದರೆ ಚೆನ್ನಾಗಿತ್ತು. ಹೀಗೆ ಎಲ್ಲವನ್ನೂ ನನ್ನ ಕೈಗೇ ಬಿಟ್ಟುಬಿಟ್ಟರು.

ಪೂಜೆಯ ದಿನ ಬೆಳಗ್ಗೆ ಮುಳಬಾಗಿಲಿನಲ್ಲಿ ಬಸ್ಸು ಬದಲಿಸಿದೆವು. ಮಗಳಿಗೆ ಆಗ ಐದು ವರ್ಷ. ಹೊಸ ಲಂಗದ ಜರಿ ಕಾಲಿಗೆ ಚುಚ್ಚುತ್ತದೆಂದು ದಾರಿಯುದ್ದಕ್ಕೂ ಗೊಣಗುತ್ತಿತ್ತು. ನಾನು ಒಳಗಡೆ ಕಥೆಯನ್ನು ಹೇಳಿಕೊಳ್ಳುತ್ತಿದ್ದೆ, ಪರೀಕ್ಷೆಯ ದಿನ ಕಾನ್ವೆಂಟಿನ ಗೇಟಿನ ಬಳಿ ಹೇಳಿಕೊಳ್ಳುತ್ತಿದ್ದಂತೆ. ಚಪ್ಪರ, ನಾಯಿ, ಬಂಡಿ, ಹೊಳೆ. ಬಂಡಿಯ ಹತ್ತಿರ ಬಂದ ಕೂಡಲೇ ಎಲ್ಲ ಕಲಸಿಹೋಗಿ ಏಳು ಜನ ಅಣ್ಣಂದಿರು, ದೇವತೆ, ಕುದುರೆ, ಆಳು ಒಟ್ಟಿಗೆ ನುಗ್ಗಿ ಬರುತ್ತಿದ್ದರು. ಇಷ್ಟೊಂದು ಕಥೆ ಕೇಳಬಾರದಿತ್ತು ಎನಿಸಿತು. ಆ ಊರಿನ ಉಳಿದ ತಾಯಂದಿರಿಗೆ ಗೊತ್ತಿದ್ದದ್ದು ಒಂದೇ. ಅವರಿಗೆ ತಪ್ಪುವ ಭಯವಿರಲಿಲ್ಲ.

ಕೆರೆಯ ಪಕ್ಕದ ಬಯಲಿನಲ್ಲಿ ಬಂಡಿಯನ್ನು ತೊಳೆದು, ಗಾಲಿಗಳಿಗೆ ಅರಿಶಿನ ಬಳಿದು, ಬಂದ ದಿಕ್ಕಿಗೆ ಬೆನ್ನು ಮಾಡಿ ಪಶ್ಚಿಮಕ್ಕೆ ಮುಖವಿಟ್ಟು ನಿಲ್ಲಿಸಿದ್ದರು. ಹೆಂಗಸರ ತಟ್ಟೆಗಳಲ್ಲಿ ತಂಬಿಟ್ಟಿನ ದೀಪ. ತುಪ್ಪ ಕಾದು ತಂಬಿಟ್ಟಿನ ಅಂಚು ಸೀಯುವ ವಾಸನೆ. ನೊಗದ ಪಕ್ಕ ಗೋಣಿಚೀಲದ ಮೇಲೆ ಆಚಾರಿ ಕೂತಿದ್ದ. ನಿಜವಾಗಿಯೂ ಮುದುಕ. ಉಳಿಯ ಬಾಯನ್ನು ಹೆಬ್ಬೆರಳಿನಿಂದ ಸವರಿ ನೋಡಿ, ಕಣ್ಣಿನ ಹತ್ತಿರ ಹಿಡಿದು ಮತ್ತೆ ಸವರಿದ.

ಒಬ್ಬೊಬ್ಬ ತಾಯಿಯಾಗಿ ಮುಂದೆ ಹೋದರು. ನೊಗದ ಮೇಲೆ ಬಲಗೈ ಇಟ್ಟು ಕಥೆಯನ್ನು ಗಡಗಡನೆ ಒಪ್ಪಿಸುತ್ತಿದ್ದರು. ನೆರೆದವರು ಊಂ, ಊಂ ಅನ್ನುತ್ತಿದ್ದರು. ಭಾವನವರು ಮಗುವನ್ನು ಎತ್ತಿ ಬಂಡಿಯೊಳಗೆ ಕೂರಿಸುತ್ತಿದ್ದರು. ಆಮೇಲೆ ಕಣಗಿಲೆ ಹೂವು, ಉಳಿ, ಒಂದು ಏಟು. ಬೇರೆಯವರನ್ನು ಅವರು ಏನೂ ಕೇಳಲಿಲ್ಲ. ಪ್ರತಿ ಏಟಿಗೂ ನನ್ನ ಬೆರಳು ತಾನಾಗಿ ಮಡಚಿಕೊಳ್ಳುತ್ತಿತ್ತು.

ನನ್ನ ಸರದಿ ಬಂತು. ಜನ ಒತ್ತಿಕೊಂಡು ಹತ್ತಿರ ಬಂದರು. ವಿಷಯ ಎಲ್ಲರಿಗೂ ಗೊತ್ತಿತ್ತು. ಇವರು ದೂರದಲ್ಲಿ ಹೊಂಗೆಮರದ ಕೆಳಗೆ ನಿಂತಿದ್ದರು. ಯಾರೂ ಅವರ ಪಕ್ಕ ನಿಂತಿರಲಿಲ್ಲ.

ನೊಗ ತಣ್ಣಗಿತ್ತು. ತೊಳೆದ ನೀರು ಇನ್ನೂ ಬಿರುಕುಗಳಲ್ಲಿತ್ತು. ನಾನು ತೆಲುಗಿನಲ್ಲಿ ಶುರು ಮಾಡಿದೆ. ನನ್ನ ತೆಲುಗು ಅಡುಗೆಮನೆಯಲ್ಲಿ ಕಲಿತದ್ದು, ಉಪ್ಪು ಹುಳಿ ಕೇಳಲು ಸಾಲುವಷ್ಟು. ದೊರೆಗೆ ಹೇಳುವ ಮರ್ಯಾದೆಯ ಮಾತನ್ನು ನಾಯಿಗೆ ಹೇಳಿಬಿಟ್ಟೆ. ಹುಡುಗಿಯರು ಕಿಸಕ್ಕನೆ ನಕ್ಕರು.

"ನಗಬೇಡ್ರೇ, ನಾಯಿಗೂ ಮರ್ಯಾದೆ ಕೊಡೋ ಮನೆತನದೋಳು" ಎಂದು ಯಾರೋ ಹೆಂಗಸು ಅಂದಳು. ಇನ್ನಷ್ಟು ನಗೆ. ಇವರ ಸೋದರತ್ತೆ, ಆ ಮನೆಗೆ ಎಲ್ಲರಿಗಿಂತ ದೊಡ್ಡವರು, ಗಾಲಿಗೆ ಒರಗಿ ನೆಲದ ಮೇಲೆ ಕೂತಿದ್ದರು. ಅವರು "ಚೆಪ್ಪಮ್ಮಾ, ಹೇಳಮ್ಮಾ" ಎಂದು ಕೋಲಿನಿಂದ ನೆಲ ತಟ್ಟಿದರು. ನಾನು ಕನ್ನಡಕ್ಕೆ ಬಂದು ಮುಂದುವರಿಸಿದೆ. ಬಂಡಿಗೆ ಎತ್ತು ಕಟ್ಟಿದರು ಎನ್ನುವವರೆಗೆ ಬಂದೆ.

"ನಿಲ್ಲಿಸಮ್ಮ" ಎಂದರು ಭಾವನವರು. "ಆ ಬಂಡಿ ಹೊಡೆದೋರು ಯಾರು?"

ಊಂ ಅನ್ನುತ್ತಿದ್ದವರೂ ಸುಮ್ಮನಾದರು. ಮಗಳು ನನ್ನ ಸೀರೆಯ ನೆರಿಗೆ ಹಿಡಿದುಕೊಂಡಿತ್ತು. ಭಾವನವರ ಎರಡು ಕೈಯೂ ಕಂಕುಳಲ್ಲಿ ಮಡಚಿಕೊಂಡಿದ್ದವು. ಆ ಕೈ ಬಿಚ್ಚಿದರೆ ನನ್ನ ಮಗಳಿಗೆ ಒಂದು ಕುಲ, ಬಿಚ್ಚದಿದ್ದರೆ ಹಿತ್ತಿಲು. ಹಿರಿಯ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೊಂಗೆಮರದ ಕಡೆ ನೋಡಿದೆ. ಇವರು ತಲೆ ತಗ್ಗಿಸಿ ನಿಂತಿದ್ದರು. ಅಷ್ಟು ಜನರಲ್ಲಿ ಅಷ್ಟು ಒಂಟಿಯಾಗಿ ಅವರನ್ನು ನಾನು ಎಂದೂ ನೋಡಿರಲಿಲ್ಲ.

ಹಿಂದಿನಿಂದ ಜನ ಒತ್ತುತ್ತಿದ್ದರು, ಅವರ ಉಸಿರು ನನ್ನ ಕತ್ತಿಗೆ ತಾಗುತ್ತಿತ್ತು. ಏನು ಹೇಳಬೇಕೆಂದು ಯೋಚಿಸಿ ಹೇಳಿದ್ದಲ್ಲ. ಯೋಚಿಸುವ ಶಕ್ತಿಯೇ ಇರಲಿಲ್ಲ.

"ನಾನು ನೋಡ್ಲಿಲ್ಲ, ಭಾವಾ" ಎಂದೆ.

"ಏನು?"

"ಬಂಡಿ ಹೊಡೀತಿದ್ದೋರನ್ನ ನೋಡ್ಲಿಲ್ಲ. ಮಗು ಮಡಿಲಲ್ಲಿತ್ತು. ನಾನು ಹಿಂದೆ ನೋಡ್ತಿದ್ದೆ. ಕುದುರೆ ಬರ್ತಾ ಇದ್ವು. ಧೂಳು ಕಾಣ್ತಿತ್ತು. ಮಗೂನ ಕಿತ್ಕೊಂಡು ಹೋಗ್ತಾರೆ ಅಂತ ಭಯ. ಮುಂದೆ ಯಾರು ಕೂತಿದ್ರು ಅಂತ ತಿರುಗಿ ನೋಡೋಕೆ ನನಗೆ ಆಗ್ಲಿಲ್ಲ."

ಹೇಳಿ ಮುಗಿದ ಮೇಲೆ ನನ್ನ ದನಿ ನನಗೇ ಕೇಳಿಸಿತು. ಅಳುತ್ತಿದ್ದೆನೆಂದು ಆಗ ಗೊತ್ತಾಯಿತು. ಯಾರೂ ನಗಲಿಲ್ಲ. ತಟ್ಟೆಯ ದೀಪವೊಂದು ಚಟಪಟ ಅಂದಿತು. ನಾನು ಕಥೆಯನ್ನು ಕೆಡಿಸಿಬಿಟ್ಟೆ, ಬಂಡಿಯಲ್ಲಿದ್ದ ಆ ತಾಯಿ ನಾನೇ ಎಂಬಂತೆ ಯಾವ ತಾಲ್ಲೂಕಿನಲ್ಲೂ ಇಲ್ಲದ್ದನ್ನು ಹೇಳಿಬಿಟ್ಟೆ, ಇನ್ನು ಮಗಳ ಗತಿ ಮುಗಿಯಿತು ಎಂದುಕೊಂಡೆ.

ಮೊದಲು ಊಂ ಅಂದದ್ದು ನನ್ನ ಓರಗಿತ್ತಿ, ಭಾವನವರ ಹೆಂಡತಿ. ಗಂಡನ ಎದುರು ಗಟ್ಟಿಯಾಗಿ ಒಂದು ಮಾತು ಆಡಿದವರಲ್ಲ. ಆ ಒಂದು ಊಂ ಹಿಂದೆ ಇನ್ನೊಂದು, ಆಮೇಲೆ ದೀಪ ಹಿಡಿದ ಹೆಂಗಸರೆಲ್ಲ. ಸೋದರತ್ತೆ ತಲೆಯೆತ್ತಿ ಭಾವನವರನ್ನು ನೋಡಿದರು.

"ಎತ್ತರಾ, ಎತ್ತೋ ಮಗೂನ" ಎಂದರು.

"ಅತ್ತೇ, ಅವಳು ಹೇಳ್ಲೇ ಇಲ್ಲವಲ್ಲ!"

"ಇನ್ನೇನು ಹೇಳ್ಬೇಕು? ನೀನು ಬಂಡಿಯಲ್ಲಿ ಕೂತು ನೋಡಿದ್ಯಾ? ನೀನು ಹುಟ್ಟಿದಾಗ ನಿಮ್ಮಮ್ಮ ಯಾರ ಮುಖ ನೋಡ್ತಿದ್ಲು, ನಿಮ್ಮಪ್ಪನ್ದಾ? ತಟ್ಟೆ ಭಾರ ಕಣೋ ಹೆಂಗಸರಿಗೆ. ಎತ್ತು ಅಂದೆ."

ಭಾವನವರು ಗಂಡಸರ ಕಡೆ ತಿರುಗಿದರು. ಇಬ್ಬರು ಮೂವರು ಟವೆಲು ಕೊಡವಿ ಊರ ದಾರಿ ಹಿಡಿದರು. ಉಳಿದವರು ಎಲ್ಲೆಲ್ಲೋ ನೋಡುತ್ತಿದ್ದರು. ಆಮೇಲೆ ಅವರು ಬಗ್ಗಿ ಮಗಳನ್ನು ಎತ್ತಿದರು. ಮೆಲ್ಲಗೇನಲ್ಲ, ಮೂಟೆ ಎತ್ತುವ ಹಾಗೆ ಎತ್ತಿ, ಬಂಡಿಯೊಳಗೆ ಇಟ್ಟರು. "ಮೇಷ್ಟ್ರು ಚೆನ್ನಾಗಿ ಮಾತು ಕಲಿಸವ್ರೆ" ಎಂದರು, ನನಗೆ ಮಾತ್ರ ಕೇಳುವ ಹಾಗೆ. ಕೈ ಬಿಡುವ ಮುಂಚೆ ಮೇಲೆ ಸರಿದಿದ್ದ ಅದರ ಲಂಗವನ್ನು ಮೊಣಕಾಲು ಮುಚ್ಚುವ ಹಾಗೆ ಎಳೆದು ಸರಿಮಾಡಿದ್ದನ್ನೂ ನಾನು ನೋಡಿದೆ.

ಕಣಗಿಲೆ ಹೂವು ನನ್ನ ಬೆರಳಿಗೆ ಸುತ್ತಿದರು. ಆಚಾರಿ ನನ್ನ ಕೈಯನ್ನು ತಡಕಿ ನೇರ ಮಾಡಿದ. ಉಳಿಯ ತಣ್ಣನೆಯ ಬಾಯಿ ಹೂವಿನ ಎಸಳ ಮೂಲಕ ಚರ್ಮಕ್ಕೆ ತಾಗಿತು. ಕಣ್ಣು ಮುಚ್ಚಿದೆ. ಏಟಿನ ಸದ್ದು ನೊಗದ ಮರದೊಳಗಿಂದ ಮೊಣಕೈವರೆಗೆ ಬಂತು. ಕಣ್ಣು ತೆರೆದಾಗ ಹೂವು ಎರಡು ತುಂಡಾಗಿ ನೆಲದ ಮೇಲಿತ್ತು. ಬೆರಳಿನ ತುದಿಯಲ್ಲಿ ಸಾಸಿವೆಯಷ್ಟು ರಕ್ತ. ಆಚಾರಿ ನಾಲಿಗೆ ಕಚ್ಚಿಕೊಂಡ. ಎಂದಿನಂತೆ ನನಗೆ ಕಣ್ಣು ಕತ್ತಲೆ ಬರಬೇಕಿತ್ತು. ಬರಲಿಲ್ಲ. ಬಂಡಿಯೊಳಗೆ ಕಿವಿ ಚುಚ್ಚಿಸಿಕೊಂಡು ಮಗಳು ಊರು ಕೇಳುವ ಹಾಗೆ ಕಿರುಚುತ್ತಿತ್ತು, ನಾನು ಅಲ್ಲಿಗೆ ಓಡಬೇಕಿತ್ತು.

ಊಟಕ್ಕೆ ಅದನ್ನು ಪಂಕ್ತಿಯ ನಡುವೆ, ಬೇರೆ ಹುಡುಗಿಯರ ಜೊತೆ ಕೂರಿಸಿದರು. ಕಿವಿಯ ದಾರಕ್ಕೆ ಎಣ್ಣೆ ಹಚ್ಚಿ, ಯಾರೋ ಹಣೆಗೆ ಕುಂಕುಮ ಇಟ್ಟು ಹೋದರು. ಇವರಿಗೂ ಎಲೆ ಹಾಕಿದರು. ಪಕ್ಕದ ಎಲೆ ಖಾಲಿಯಾಗಿಯೇ ಉಳಿಯಿತು. ಭಾವನವರು ಅಂದು ಊಟ ಮಾಡಲಿಲ್ಲ.

ಸಂಜೆಯ ಬಸ್ಸಿನಲ್ಲಿ ಮಗಳು ನನ್ನ ಮಡಿಲಲ್ಲಿ ನಿದ್ದೆ ಹೋಯಿತು. ಕಿವಿಗಳು ಕೆಂಪಗೆ ಊದಿಕೊಂಡಿದ್ದವು. ಮುಳಬಾಗಿಲು ದಾಟಿದ ಮೇಲೆ ಇವರು ನನ್ನ ಕಡೆ ತಿರುಗಿದರು.

"ಹಿಂದೆ ನೋಡ್ತಿದ್ದೆ ಅಂದೆಯಲ್ಲ. ಅದನ್ನ ಯಾರು ಹೇಳಿದ್ರು ನಿನಗೆ? ಮಾಲೂರಿನ ಕಡೆಯೋರಾ?"

"ಯಾರೂ ಹೇಳ್ಲಿಲ್ಲ."

"ಯಾರೂ ಹೇಳ್ಲಿಲ್ಲ ಅಂದ್ರೆ? ಹೆಂಗಸರೆಲ್ಲ ಒಪ್ಪಿದ್ರಲ್ಲ. ಅಲ್ಲೇ, ನಮ್ಮ ಕಣ್ಣ ಮುಂದೆ ಕಥೆ ತಿರುಗ್ತು. ಮುಂದಿನ ಸಲ ಎಲ್ಲ ತಾಯಂದಿರೂ ಅದನ್ನೇ ಹೇಳಿದ್ರೆ..." ಅವರ ಕಣ್ಣಲ್ಲಿ ಶ್ರೀನಿವಾಸಪುರದಿಂದ ಬಂದ ದಿನದ ಅದೇ ಹೊಳಪು.

ಆ ಹೊಳಪು ಕಂಡು, ಅಂದು ಬೆಳಗ್ಗಿನಿಂದ ಎಷ್ಟು ಹೆದರಿದ್ದೆನೋ ಅದಕ್ಕಿಂತ ಹೆಚ್ಚು ಹೆದರಿದೆ. ನೊಗದ ಮೇಲೆ ಕೈಯಿಟ್ಟು ನಾನು ಹೇಳಿದ್ದು ಬೋರ್ಡಿನ ಮೇಲೆ ಐದನೆಯ ಸಾಲಾಗುವುದು ಕಾಣಿಸಿತು. ಹಿಂದಿನ ಬೆಂಚಿನಲ್ಲಿ ಯಾರೋ ಹುಡುಗ ಅದನ್ನು ಕೇಳಿಸಿಕೊಳ್ಳುತ್ತಾನೆ, ಶನಿವಾರ ಬಸ್ಸು ಹತ್ತುತ್ತಾನೆ, ಮೇಷ್ಟ್ರ ಹೆಂಡತಿ ಬಂಡಿಯ ಮುಂದೆ ಹೇಳಿದ್ದು ಕಟ್ಟುಕಥೆ ಎಂದು ಊರಿಗೆ ಮುಟ್ಟಿಸುತ್ತಾನೆ. ಬಂಡಿ ಹತ್ತಿಸಿದ ಮಗುವನ್ನು ಇಳಿಸುವ ಪದ್ಧತಿಯೂ ಇದೆಯೇನೋ, ಯಾರಿಗೆ ಗೊತ್ತು? ನಾನು ಮಗಳ ತಲೆಯ ಮೇಲೆ ಸೆರಗು ಹೊದಿಸಿದೆ.

"ರೀ, ನಿಮಗೆ ಕೈ ಮುಗೀತೀನಿ. ಇದೊಂದನ್ನ ಕ್ಲಾಸಿಗೆ ತಗೊಂಡು ಹೋಗ್ಬೇಡಿ."

ಅವರು ನನ್ನ ಮುಖ ನೋಡಿ ಕಿಟಕಿಯ ಕಡೆ ತಿರುಗಿದರು.

ಆಮೇಲೆ ಅನೇಕ ವರ್ಷ ಅವರು ಅದೇ ಪಾಠ ಮಾಡಿದರು. ಜೂನ್ ಬಂದು ಹೊಸ ಹುಡುಗರು ಸೇರಿದಾಗಲೆಲ್ಲ ನಾನು ಊರಿನಿಂದ ಬರುವವರ ಮುಖವನ್ನು ಬಾಗಿಲಲ್ಲೇ ಓದುತ್ತಿದ್ದೆ, ಹೆಗಲ ಟವೆಲು ಬರಿದಾಗಿದೆಯೇ ಎಂದು ನೋಡುತ್ತಿದ್ದೆ. ಬೋರ್ಡಿನ ಮೇಲೆ ನಾಲ್ಕೇ ಕಥೆ ಬರೆದರೋ, ಐದು ಬರೆದರೋ, ನಾನು ಕೇಳಲಿಲ್ಲ. ಕೇಳುವ ಧೈರ್ಯ ಬರಲಿಲ್ಲ. ಅವರೂ ಹೇಳಲಿಲ್ಲ.